ಬಿಳಿ ಜಡೆಯ ಸುಂಕ

ನಮ್ಮ ಟೋಪನ್ ಮಾವ ಯಾರ ಮುಖವನ್ನೂ ನೋಡಿ ಮಾತಾಡಿದವನಲ್ಲ. ಅವನ ಕಣ್ಣು ನೇರವಾಗಿ ಹೋಗಿ ನಿಲ್ಲುವುದು ಎದುರಿನವರ ಹಣೆ ಮುಗಿದು ಕೂದಲು ಶುರುವಾಗುವ ಗಡಿಯಲ್ಲಿ. ಬೇಲಿಯ ಮೇಲೆ ಓಡಾಡುವ ಅಳಿಲಿನ ಹಾಗೆ ಅದು ಈ ಕಿವಿಯಿಂದ ಆ ಕಿವಿಯವರೆಗೆ ಒಂದು ಸುತ್ತು ಹೊಡೆದು ಬರುವ ತನಕ ನೀವು ಏನು ಹೇಳಿದರೂ ಅವನಿಗೆ ಕೇಳಿಸುವುದಿಲ್ಲ. ಹೊಸಬರು ತಮ್ಮ ತಲೆಯ ಮೇಲೆ ಏನೋ ಕೂತಿದೆ ಎಂದು ಗಾಬರಿಯಾಗಿ ಕೈಯಾಡಿಸಿಕೊಳ್ಳುತ್ತಾರೆ. ನನ್ನ ಕಾಲೇಜಿನ ಗೆಳತಿಯೊಬ್ಬಳು ಜೇಡವೇ ಇರಬೇಕೆಂದುಕೊಂಡು ಕುರ್ಚಿ ಹತ್ತಿ ನಿಂತುಬಿಟ್ಟಿದ್ದಳು. ಮುಂದಿನ ಗಡಿ ಮುಗಿಯಿತೋ, ಹಿಂದಿನದು ಬಾಕಿ ಇರುತ್ತದಲ್ಲ, ಮಾತಾಡುತ್ತಲೇ ಅವನು ನಿಮ್ಮನ್ನು ಸುತ್ತತೊಡಗುತ್ತಾನೆ, ಮರ್ಯಾದೆಗೆಂದು ನೀವೂ ಅವನ ಜೊತೆ ತಿರುಗುತ್ತೀರಿ, ದೂರದಿಂದ ನೋಡಿದವರಿಗೆ ಇಬ್ಬರು ದೊಡ್ಡವರು ನಡುಬೀದಿಯಲ್ಲಿ ಬುಗುರಿಯಾಟ ಆಡುತ್ತಿರುವಂತೆ ಕಾಣುತ್ತದೆ. ಹೋಗಿ ಬರುವವರ ಹಿಂದಲೆಯನ್ನು ನೋಡಿ ನೋಡಿ ಅವನ ನಡಿಗೆಯೇ ಏಡಿಯ ನಡಿಗೆಯಾಗಿದೆ: ಕಾಲು ಮುಂದಕ್ಕೆ, ದೇಹ ಪಕ್ಕಕ್ಕೆ, ಕುತ್ತಿಗೆ ಹಿಂದಕ್ಕೆ.

ಮಾವ ನಮ್ಮಮ್ಮನ ಕಿರಿಯ ತಮ್ಮ. ಕೂದಲನ್ನು ಎಳೆ ಎಳೆಯಾಗಿ ಬಲೆಗೆ ಗಂಟು ಹಾಕಿ ಟೋಪನ್ ಮಾಡುವುದು ಅವನ ಕಸುಬು. ವಿಗ್ಗು ಎಂದರೆ ಮುಖ ಸಿಂಡರಿಸುತ್ತಾನೆ. "ವಿಗ್ಗು ಅಂಗಡೀಲಿ ನೇತಾಕಿರ್ತಾರೆ, ಹೋಗಿ ತಗೊಳ್ಳಿ. ನಾನು ಮಾಡೋದು ಟೋಪನ್ನು. ಈ ಕೈ ಊರಿಗೆಲ್ಲ ಟೋಪನ್ ಹಾಕುತ್ತೆ, ಯಾರಿಗೂ ಟೋಪಿ ಹಾಕಲ್ಲ," ಎನ್ನುವುದು ಅವನ ಹಳೆಯ ಜೋಕು, ಹೊಸ ಗಿರಾಕಿ ಬಂದಾಗಲೆಲ್ಲ ಅದು ಹೊಚ್ಚ ಹೊಸದಾಗಿ ಹೊರಬರುತ್ತದೆ. ಅವನ ಸ್ವಂತ ತಲೆ ಮಾತ್ರ ಹೊಳೆಯ ಕಲ್ಲಿನಂತೆ ನುಣ್ಣಗೆ. ನಿಮಗೇ ಒಂದು ಮಾಡಿಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, "ಖಾಲಿ ಇರಲಿ ಬಿಡಿ, ಬೇರೆಯವರದ್ದು ಇಟ್ಟು ನೋಡೋಕೆ ಜಾಗ ಬೇಕಲ್ಲ," ಎನ್ನುತ್ತಾನೆ. ಅದು ತಮಾಷೆಯ ಮಾತಲ್ಲ. ಸಿದ್ಧವಾದ ಪ್ರತಿಯೊಂದು ಟೋಪನ್ನನ್ನೂ ಒಂದು ಇಡೀ ದಿನ ತಾನೇ ಹಾಕಿಕೊಂಡು, ಗಾಳಿಗೆ ಹಾರುತ್ತದೆಯೇ, ಬೆವರಿಗೆ ಜಾರುತ್ತದೆಯೇ ಎಂದು ಊರೆಲ್ಲ ಅಲೆದು ಬಂದ ಮೇಲೆಯೇ ಅವನು ಅದನ್ನು ಗಿರಾಕಿಗೆ ಕೊಡುವುದು. ನಾಟಕ ಕಂಪನಿಗಾಗಿ ಮಾಡಿದ ಮೊಣಕಾಲುದ್ದದ ಜಡೆ ಬಿಟ್ಟುಕೊಂಡು, ಮೀಸೆ ತಿರುವುತ್ತ, ಅವನು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದನ್ನು ನಾನೇ ಕಂಡಿದ್ದೇನೆ. ಗುಮಾಸ್ತರು ತಲೆ ಕೂಡ ಎತ್ತಲಿಲ್ಲ. "ಇವತ್ತು ಯಾರು?" ಎಂದು ಕೇಳಿದರು. "ರಾಜನ ಎರಡನೇ ಹೆಂಡತಿ," ಎಂದ ಮಾವ, ಅಷ್ಟೇ ಗಂಭೀರವಾಗಿ. "ಮೊದಲನೆಯವಳಿಗೆ ಕೂದಲು ಜಾಸ್ತಿ ಇತ್ತು," ಎಂದು ಗುಮಾಸ್ತರು ಮುದ್ರೆ ಒತ್ತಿದರು.

ಅವನ ಕೋಟಿನ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಬಿಸಿಲಿರಲಿ ಚಳಿಯಿರಲಿ ಅದೇ ಬೂದು ಕೋಟು, ಅದರ ಕಾಲರಿನ ತುಂಬ ಗುಂಡುಸೂಜಿ, ಗಂಟು ಹಾಕುವ ಪುಟಾಣಿ ಕೊಕ್ಕೆಸೂಜಿ. ತೋಳಿನ ಮೇಲೆ ಕಪ್ಪು, ಕಂದು, ಕೆಂಪು, ಗುಂಗುರು, ನೇರ, ಹೀಗೆ ಸಕಲ ಮನುಷ್ಯಜಾತಿಯ ಒಂದೊಂದು ಎಳೆ ಅಂಟಿಕೊಂಡಿರುತ್ತದೆ. ನಮ್ಮತ್ತೆ ಅದನ್ನು ಬ್ರಶ್ಶಿನಿಂದ ಉಜ್ಜುತ್ತ ಒಮ್ಮೆ ಹೇಳಿದ್ದಳು: "ಬೇರೆಯವರ ಗಂಡಂದಿರ ಕೋಟಿನ ಮೇಲೆ ಒಂದೇ ಒಂದು ಕೂದಲು ಸಿಕ್ಕಿದ್ರೆ ಮನೇಲಿ ಯುದ್ಧ ಆಗುತ್ತಂತೆ. ನಾನು ಇದರಲ್ಲಿ ಯಾವುದಕ್ಕೆ ಅಂತ ಜಗಳ ಶುರು ಮಾಡ್ಲಿ ಹೇಳು?"

ಆದರೆ ಮಾವನನ್ನು ಮಾವನನ್ನಾಗಿ ಮಾಡಿರುವುದು ಕಣ್ಣೂ ಅಲ್ಲ, ಕೋಟೂ ಅಲ್ಲ, "ನನ್ನ ತಲೆಗಿರಲಿ" ಎಂಬ ಒಂದು ಮಾತು. ಉಳಿದವರಿಗೆ ಉಸಿರು ಹೇಗೋ ಅವನಿಗೆ ಈ ಮಾತು ಹಾಗೆ. ಮೆಟ್ಟಿಲ ಬಳಿಯ ಬಲ್ಬನ್ನು ಯಾರೋ ಮಕ್ಕಳು ಚೆಂಡು ಹೊಡೆದು ಒಡೆದರು, ಮನೆಯ ಮಾಲೀಕ ಕೂಗಾಡುತ್ತ ಬಂದ, "ನನ್ನ ತಲೆಗಿರಲಿ," ಎಂದು ಮಾವ ಹೊಸ ಬಲ್ಬು ತಂದು ಹಾಕಿದ. ಸೇನಾಪತಿಯ ಪಾತ್ರಧಾರಿ ಯುದ್ಧದ ಮಧ್ಯೆ ಸೀನಿ ತನ್ನ ಗಡ್ಡವನ್ನು ಶತ್ರುವಿನ ಮೇಲೆ ಹಾರಿಸಿದ, ಅಂಟು ಹಚ್ಚಿದ್ದು ಆ ಪುಣ್ಯಾತ್ಮನೇ, ಆದರೂ "ನನ್ನ ತಲೆಗಿರಲಿ." ನೆರೆಮನೆಯವರ ಜಗಳ, ತಂಗಿಯ ಮಗಳ ಟ್ಯೂಷನ್ನು, ಕೆಟ್ಟು ನಿಂತ ಪರರ ಸ್ಕೂಟರು, ಎಲ್ಲವೂ ಅಲ್ಲಿಗೇ. ಕೈಯಲ್ಲಿ ಚೀಲ ಹಿಡಿದವರು ಅವನ ಎದುರು ಬಂದರೆ ಮುಗಿಯಿತು, ನಮಸ್ಕಾರಕ್ಕೆ ಮುಂಚೆಯೇ ಚೀಲ ಅವನ ಕೈಗೆ ಹೋಗಿರುತ್ತದೆ. "ಕೂದಲಿಲ್ಲದ ತಲೆ ನೋಡು, ಏನಿಟ್ರೂ ಸಲೀಸಾಗಿ ಕೂರುತ್ತೆ," ಎನ್ನುತ್ತಾಳೆ ಅತ್ತೆ.

ಅವನ ಕೋಣೆಯಲ್ಲಿ ಸಾಲಾಗಿ ಮರದ ತಲೆಗಳಿವೆ. ಒಂದೊಂದರ ಕುತ್ತಿಗೆಗೂ ಬಿಳಿ ಪಟ್ಟಿ ಅಂಟಿಸಿ ಮಾವ ಹೆಸರು ಬರೆದಿರುತ್ತಾನೆ. ದುಡ್ಡು ಕೊಡುವವರು ನಾಟಕ ಕಂಪನಿಯವರಿರಬಹುದು, ಗಂಡನಿರಬಹುದು, ಮಗನಿರಬಹುದು. ಆದರೆ ಪಟ್ಟಿಯ ಮೇಲೆ, ಕೂದಲಿನ ಪೊಟ್ಟಣದ ಮೇಲೆ, ಬಿಲ್ಲಿನ ಮೇಲೆ, ಎಲ್ಲೆಲ್ಲೂ ಬರುವುದು ಆ ಟೋಪನ್ನು ಹೋಗಿ ಕೂರುವ ತಲೆಯ ಹೆಸರು. ಗುರುವಿನಿಂದ ಕಲಿತ ಪದ್ಧತಿ. "ದುಡ್ಡು ಕೈ ಬದಲಾಯಿಸುತ್ತೆ ಪುಟ್ಟಿ, ತಲೆ ಬದಲಾಗಲ್ಲ," ಎಂದು ನನಗೆ ಹೇಳಿದ್ದ. ಕೇಳಲು ಎಷ್ಟು ಚೆನ್ನಾಗಿದೆ. ಇಷ್ಟು ಚೆಂದದ ಪದ್ಧತಿಯೇ ಮಾವನನ್ನು ಸುಂಕದ ಕಚೇರಿಯ ಮುಂದೆ ತಂದು ನಿಲ್ಲಿಸುತ್ತದೆಂದು ಯಾರು ಎಣಿಸಿದ್ದರು.

ನಮ್ಮ ಬಡಾವಣೆಯ ಬಸ್ಸಿಗೆ ನಂಬರು ಇದ್ದರೂ ಅದನ್ನು ಯಾರೂ ನಂಬರಿನಿಂದ ಕರೆಯುತ್ತಿರಲಿಲ್ಲ. ಅದು ಜಡೆ ಬಸ್ಸು. ಓಡಿಸುವ ಡ್ರೈವರಮ್ಮನ ಜಡೆ ಅಪ್ಪಟ ಬಿಳಿ, ಸೀಟಿನ ಬೆನ್ನ ಮೇಲಿಂದ ಈಚೆಗೆ ಇಳಿಬಿದ್ದು ತಿರುವು ಬಂದಾಗಲೆಲ್ಲ ಗಡಿಯಾರದ ಲೋಲಕದ ಹಾಗೆ ತೂಗುವುದು, ಬ್ರೇಕು ಹಾಕಿದರೆ ಮುಂದಕ್ಕೆ ಹಾರಿ ಮತ್ತೆ ಬಂದು ಕೂರುವುದು. ಒಂದು ದಿನ ಅವರ ಜಾಗದಲ್ಲಿ ಬೇರೊಬ್ಬ ಬಂದ. ಡ್ರೈವರಮ್ಮನಿಗೆ ಕಾಯಿಲೆ ಎಂದರು. ಔಷಧಿ ಕಾಯಿಲೆಯನ್ನು ಓಡಿಸಿತಂತೆ, ಹೋಗುವಾಗ ಜಡೆಯನ್ನೂ ಎತ್ತಿಕೊಂಡು ಹೋಯಿತಂತೆ.

ಅವರು ಮಾವನ ಕೋಣೆಗೆ ಬಂದ ದಿನ ನಾನು ಅಲ್ಲೇ ಕೂದಲು ಬಾಚುತ್ತ ಕೂತಿದ್ದೆ. ಜೊತೆಗೆ ಮಗಳು ಬಂದಿದ್ದಳು. ಅಮ್ಮನ ಮೊಣಕೈ ಅವಳ ಕೈಯಲ್ಲಿ, ಅಮ್ಮನ ಬ್ಯಾಗು ಅವಳ ಹೆಗಲಲ್ಲಿ, ಅಮ್ಮನನ್ನು ಕೇಳಿದ ಪ್ರಶ್ನೆಗೆ ಉತ್ತರ ಅವಳ ಬಾಯಲ್ಲಿ. ಡ್ರೈವರಮ್ಮ ತಲೆವಸ್ತ್ರ ತೆಗೆದರು. ಆಗ ನಡೆದದ್ದನ್ನು ನಾನು ಮರೆಯುವುದಿಲ್ಲ: ಮಾವನ ಕಣ್ಣು ಎಂದಿನಂತೆ ಗಡಿ ಹುಡುಕಿಕೊಂಡು ಹೋಯಿತು, ಅಲ್ಲಿ ಗಡಿಯೇ ಇಲ್ಲ, ನಿಲ್ಲಲು ಜಾಗ ಸಿಗದೆ ಅದು ಮೇಲಿಂದ ಜಾರಿ, ಹಣೆಯಲ್ಲೂ ನಿಲ್ಲದೆ ಇನ್ನೂ ಜಾರಿ, ಕೊನೆಗೆ ಅವರ ಕಣ್ಣಿಗೆ ಬಂದು ನಿಂತಿತು. ಮಾವ ಒಬ್ಬರ ಕಣ್ಣು ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಮ್ಮನಿಗೆ ಕಪ್ಪು ಕೂದಲೇ ಇರಲಿ," ಎಂದಳು ಮಗಳು. "ಚಿಕ್ಕವರ ತರ ಕಾಣ್ತಾರೆ."

"ನಂಗೆ ಕಪ್ಪು ಬೇಡ," ಎಂದರು ಡ್ರೈವರಮ್ಮ. "ಆ ಬಿಳೀನ ನಾನು ಪುಕ್ಕಟೆ ಪಡೆದಿದ್ದಲ್ಲ. ಒಂದೊಂದು ಎಳೆಗೂ ಒಂದೊಂದು ಟ್ರಾಫಿಕ್ ಜಾಮು ಆಗಿದೆ."

ಮಾವ ನಕ್ಕ. ಅವರು ನಗಲಿಲ್ಲ.

"ಮುಂದಿನ ತಿಂಗಳು ಮುಗಿದ ಮೇಲೆ ಡ್ಯೂಟಿಗೆ ಬನ್ನಿ ಅಂದಿದಾರೆ ಅಣ್ಣ. ನಾನು ಹತ್ತಿದ ತಕ್ಷಣ ಬಸ್ಸಿನ ತುಂಬ ಜನ 'ಅಯ್ಯೋ ಪಾಪ' ಅಂತ ನೋಡಿದ್ರೆ ನಂಗೆ ಸ್ಟೀರಿಂಗ್ ತಿರುಗಲ್ಲ. ನನ್ನ ಜಡೆ ನಂಗೆ ವಾಪಸ್ ಬೇಕು. ಇಲ್ಲಾಂದ್ರೆ ನಾನು ಹೋಗಲ್ಲ, ಮನೇಲೇ ಇರ್ತೀನಿ."

"ಆಗುತ್ತೆ," ಎಂದ ಮಾವ. "ನನ್ನ ತಲೆಗಿರಲಿ." ಅಲ್ಲೇ ಬೆಲೆ ಹೇಳಿದ, ಅವರು ಒಪ್ಪಿದರು.

ಹೇಳುವುದು ಸುಲಭ. ಕೂದಲು ಮಾರುವವರು ಎಳೆಯ ವಯಸ್ಸಿನವರು, ಆದ್ದರಿಂದ ಕಪ್ಪು ಎಷ್ಟು ಬೇಕಾದರೂ ಸಿಗುತ್ತದೆ; ಬಣ್ಣವಿಲ್ಲದೆ ತಾನಾಗಿಯೇ ಬಿಳಿಯಾಗಿ, ಉದ್ದವಾಗಿ, ಒಂದೇ ಜಡೆಗಾಗುವಷ್ಟು ಕೂದಲು ಯಾರ ಬಳಿ ಇರುತ್ತದೆ? ಕಪ್ಪಿಗೆ ಬಿಳಿ ಬಣ್ಣ ಹಾಕೋಣವೆಂದರೆ ಒಣಹುಲ್ಲಿನಂತೆ ಮುರಿಯುತ್ತದೆ. ನೈಲಾನು ಹಾಕೋಣವೆಂದರೆ ಬಸ್ಸಿನ ಗಾಜಿನ ಬಿಸಿಲಿಗೆ ಗೊಂಬೆಯ ಕೂದಲಿನ ಹಾಗೆ ಮಿರಮಿರ ಮಿಂಚುತ್ತದೆ. ಮಾವನೂ ನಾನೂ ಫೋನಿನಲ್ಲಿ ದೇಶದೇಶಗಳ ಅಂಗಡಿಗಳನ್ನು ಜಾಲಾಡಿದೆವು, ಕೊನೆಗೆ ಸಮುದ್ರದಾಚೆಯ ಒಬ್ಬ ವ್ಯಾಪಾರಿಯ ಪುಟದಲ್ಲಿ ಅದು ಸಿಕ್ಕಿತು: ಹಾಲಿನಂಥ ಬಿಳಿಗೆ ಒಂದು ಚೂರು ಬೂದಿ ಬೆರೆಸಿದ ಬಣ್ಣ, ಒಂದೇ ಕಟ್ಟು, ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ ಎಂಬ ಸೂಚನೆ, ಬೆಲೆ ನೋಡಿದರೆ ತಲೆ ತಿರುಗಬೇಕು, ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ 'ಮನೆ ಬಾಗಿಲವರೆಗಿನ ಎಲ್ಲ ಖರ್ಚೂ ಸೇರಿದೆ'. ಸ್ವೀಕರಿಸುವವರ ಹೆಸರು ಎಂಬ ಖಾನೆಯಲ್ಲಿ ಮಾವ ಒಂದೇ ಕೈಬೆರಳಿನಿಂದ ಡ್ರೈವರಮ್ಮನ ಹೆಸರು ಒತ್ತಿದ, ಅವರದೇ ಫೋನ್ ನಂಬರು ಒತ್ತಿದ, ವಿಳಾಸ ಮಾತ್ರ ತನ್ನದು.

"ಮಾವ, ತರಿಸ್ತಿರೋದು ನೀನು."

"ತಲೆ ಅವರದ್ದು," ಎಂದ ಮಾವ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಪಾರ್ಸೆಲ್ಲು ಹೊರಟಿತು. ಕಾಲೇಜಿನಲ್ಲಿ ಕೂತು ನಾನು ಟ್ರ್ಯಾಕಿಂಗ್ ನೋಡುತ್ತಿದ್ದೆ, ವಿಮಾನ ಹತ್ತಿತು, ಇಳಿಯಿತು, ಮತ್ತೊಂದು ಹತ್ತಿತು, ನಮ್ಮ ದೇಶಕ್ಕೇ ಬಂದುಬಿಟ್ಟಿತು ಎಂದು ನಾನು ಕುಣಿದಾಡುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಸುಂಕ ಇಲಾಖೆಯಿಂದ ಜಪ್ತಿ. ವಾರದ ಕೊನೆಯೊಳಗೆ ಹೊಣೆಗಾರರು ಬಂದು ಬಿಡಿಸಿಕೊಳ್ಳದಿದ್ದರೆ ಸರಕನ್ನು ಸುಟ್ಟು ನಾಶ ಮಾಡಲಾಗುವುದು.

ಹೊಣೆಗಾರರು ಯಾರು? ಅದನ್ನು ಹುಡುಕುವುದರಲ್ಲಿ ನಮಗೆ ತಲೆಬುಡ ತಿಳಿಯದಂತಾಯಿತು. ವ್ಯಾಪಾರಿಗೆ ಬರೆದರೆ, ಸಾಗಿಸುವ ಖರ್ಚು ಮಾತ್ರ ತನ್ನದು, ಸುಂಕ ಗಿರಾಕಿಯದು ಎಂಬ ಉತ್ತರ ಬಂತು, ಕೊನೆಯಲ್ಲಿ ಒಂದು ನಗುಮುಖದ ಚಿತ್ರ. ಹಾಗಾದರೆ ಹಸಿರು ಅಕ್ಷರದ 'ಎಲ್ಲ' ಎಂಬುದರೊಳಗೆ ಏನೇನಿತ್ತು ಎಂದು ಕೇಳಿದರೆ ಉತ್ತರವಿಲ್ಲ, ನಗುಮುಖವೂ ಇಲ್ಲ. ಕೊರಿಯರಿನವರಿಗೆ ಫೋನು ಮಾಡಿದರೆ ಮೊದಲು ಸಂಗೀತ, ಆಮೇಲೆ ಒಬ್ಬಳ ದನಿ, "ನಾವು ಬರೀ ಹೊರೋರು ಸಾರ್, ನಮಗೇನೂ ಗೊತ್ತಾಗಲ್ಲ."

"ಜಗತ್ತಿಗೇ ಟೋಪನ್ ಹಾಕೋನಿಗೆ ಕೊನೆಗೂ ಒಬ್ಬ ಟೋಪಿ ಹಾಕ್ದ," ಎಂದಳು ಅತ್ತೆ.

ಮಾವನಿಗೆ ಒಂದೇ ಚಿಂತೆ. "ಡ್ರೈವರಮ್ಮನಿಗೆ ಇದು ಗೊತ್ತಾಗಬಾರದು. ಸುಂಕ ಎಷ್ಟಾದ್ರೂ ಆಗಲಿ, ದಂಡ ಎಷ್ಟಾದ್ರೂ ಆಗಲಿ, ನಾನು ಕಟ್ಟಿ ಬಿಡಿಸ್ಕೊಂಡು ಬರ್ತೀನಿ. ಹೋಗಿ ಆ ಅಧಿಕಾರೀಗೆ ಎಲ್ಲಾ ಬಿಡಿಸಿ ಹೇಳಿದ್ರೆ ಆಯ್ತು."

"ಹೋಗಿ ಹೋಗಿ ಸುಂಕದವನ ಮುಂದೆ ಸುಖದುಃಖ ಹೇಳ್ಕೊಳ್ತೀರಾ? ಗಾದೆ ಹುಟ್ಟಿದ್ದೇ ನಿಮ್ಮಂಥವರನ್ನ ನೋಡಿ."

"ಸುಂಕದವನಿಗೂ ಒಂದು ತಲೆ ಇರುತ್ತೆ ಕಣೆ," ಎಂದು ಮಾವ ಕೋಟು ತೊಟ್ಟುಕೊಂಡ. ನಾನು ಕ್ಲಾಸಿಗೆ ಚಕ್ಕರ್ ಹೊಡೆದು ಅವನ ಬೆನ್ನು ಹತ್ತಿದೆ. ಇಂಥದ್ದನ್ನು ಬಿಟ್ಟು ಯಾರಾದರೂ ಅರ್ಥಶಾಸ್ತ್ರದ ಪಾಠಕ್ಕೆ ಕೂರುತ್ತಾರೆಯೇ?

ಸುಂಕದ ಕಚೇರಿ ವಿಮಾನ ನಿಲ್ದಾಣದ ಹಿಂಬದಿಯ ಒಂದು ಉದ್ದ ಕಟ್ಟಡ. ಒಳಗೆ ಗಾಜಿನ ಗೋಡೆಯಾಚೆ ಜಪ್ತಿಯಾದ ಡಬ್ಬಗಳ ಬೆಟ್ಟ, ಈಚೆ ಕಬ್ಬಿಣದ ಕುರ್ಚಿಗಳ ಸಾಲು, ಕುರ್ಚಿಗಳ ತುಂಬ "ನಾನಲ್ಲ" ಎನ್ನಲು ಸಿದ್ಧರಾಗಿ ಕೂತ ಜನ. ಅವರ ಸರದಿಗಳನ್ನು ನೋಡುವುದೇ ಒಂದು ನಾಟಕದಂತಿತ್ತು: ಒಬ್ಬಾತ ಗಡಿಯಾರ ತರಿಸಿದ್ದು ಭಾವನಂತೆ, ಒಬ್ಬಾಕೆಯ ಮುಖದ ಕ್ರೀಮು ಸ್ನೇಹಿತೆಯದಂತೆ, ಮತ್ತೊಬ್ಬನ ಡ್ರೋನು ತಾನಾಗಿಯೇ ಬಂದದ್ದಂತೆ. ಮೇಜಿನ ಹಿಂದೆ ಕೂತ ಅಧಿಕಾರಿಯ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ತಲೆಯ ಮೇಲೆ ಮಾತ್ರ ಇದ್ದಿಲಿನಂಥ ಕಪ್ಪು ಕೂದಲು.

ನಮ್ಮ ಸರದಿ ಬಂತು. ಮಾವನ ಕಣ್ಣು ಹೋಗಿ ಅಧಿಕಾರಿಯ ಹಣೆಯ ಗಡಿಯ ಮೇಲೆ ಕೂತಿತು. ನನಗೆ ಕುರ್ಚಿಯಡಿ ಅಡಗಿಕೊಳ್ಳಬೇಕೆನಿಸಿತು.

"ಏನ್ರೀ, ನನ್ನ ತಲೆ ಮೇಲೆ ಏನಿದೆ?"

"ಹೋದ ವಾರದ ಬಣ್ಣ ಸಾರ್," ಎಂದ ಮಾವ, ಕಸುಬಿನವನ ನಿಷ್ಪಕ್ಷಪಾತದಿಂದ. "ಎಡಗಡೆ ಸ್ವಲ್ಪ ಬಿಟ್ಟುಹೋಗಿದೆ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಧಿಕಾರಿ ಎಡಗಡೆ ಕೈಯಾಡಿಸಿಕೊಂಡು, ಪರದೆಯ ಕಡೆ ತಿರುಗಿ, ನಮ್ಮ ಪಾರ್ಸೆಲ್ಲಿನ ವಿವರ ಓದಿ, ಇನ್ನೊಮ್ಮೆ ಓದಿ, ಹುಬ್ಬು ಗಂಟಿಕ್ಕಿದರು.

"ಬಿಳಿ ಕೂದಲಾ? ಇಷ್ಟು ಬೆಲೆಗೆ? ಬಿಳಿ ಮುಚ್ಚೋಕೆ ಜನ ದುಡ್ಡು ಕೊಡ್ತಾರೆ, ಅದು ನಂಗೊತ್ತು. ಬಿಳೀನ ದುಡ್ಡು ಕೊಟ್ಟು ತರಿಸೋರನ್ನ ನಾನು ನೋಡಿಲ್ಲ. ನಿಜ ಹೇಳಿ, ಅದರೊಳಗೆ ಬೇರೆ ಏನಿದೆ?"

ಮಾವ ಹೇಳಿದ. ಗಾದೆಯನ್ನು ಅಕ್ಷರಶಃ ಪಾಲಿಸುತ್ತ, ಸುಂಕದವನ ಮುಂದೆ ಸುಖವನ್ನೂ ದುಃಖವನ್ನೂ ಹೇಳಿದ: ಜಡೆ ಬಸ್ಸು, ಔಷಧಿ, ಟ್ರಾಫಿಕ್ ಜಾಮು, ಹಸಿರು ಅಕ್ಷರ, ನಗುಮುಖ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು, ಅದೇ ಆಶ್ಚರ್ಯ. ಆಮೇಲೆ ಹೇಳಿದರು:

"ಮಾರಿದವನು ಏನು ಬರೆದಿದ್ದ ಅನ್ನೋದು ನಿಮ್ಮಿಬ್ಬರ ವ್ಯವಹಾರ. ಗಡಿ ದಾಟಿ ಬಂದ ಮೇಲೆ ಸರಕಿನ ಮೇಲೆ ಯಾರ ಹೆಸರಿದೆಯೋ ಸುಂಕ ಅವರ ಹೊಣೆ. ವಿವರ ಸರಿಯಾಗಿ ಕೊಡದೇ ಇದ್ದಿದ್ದಕ್ಕೆ ದಂಡಾನೂ ಅವರದ್ದೇ. ಇಲ್ಲಿ ನಿಮ್ಮ ಹೆಸರಿಲ್ಲವಲ್ಲ."

"ಹೆಸರು ಅವರದ್ದು ಸಾರ್, ಆದ್ರೆ ತರಿಸಿದ್ದು ನಾನು. ನನ್ನ ತಲೆಗಿರಲಿ."

"ನಿಮ್ಮ ತಲೆ ನಮ್ಮ ದಾಖಲೆಯಲ್ಲಿಲ್ಲ. ಆ ಹೆಂಗಸು ಇಲ್ಲಿಗೆ ಬಂದು, ಹೊಣೆ ಇವರಿಗೆ ಕೊಟ್ಟಿದೀನಿ ಅಂತ ನನ್ನೆದುರು ಸಹಿ ಹಾಕಿದ್ರೆ ನೀವು ಕಟ್ಟಬಹುದು. ಇಲ್ಲಾಂದ್ರೆ ಅವರೇ ಕಟ್ಟಬೇಕು. ಗಡುವಿಗೆ ಇವತ್ತೇ ಕೊನೇ ದಿನ, ಕಚೇರಿ ಮುಚ್ಚೋದ್ರೊಳಗೆ ಆಗಬೇಕು. ಅವರ ಫೋನಿಗೆ ಮೆಸೇಜ್ ಹೋಗಿರುತ್ತೆ."

ಮಾವ ಮುಚ್ಚಿಡಬೇಕೆಂದುಕೊಂಡ ಸುದ್ದಿ ಅವನದೇ ಕೈಬೆರಳಿನಿಂದ ಸರಿಯಾದ ನಂಬರಿಗೆ ತಲುಪಿತ್ತು. "ಆರಾಮಿಲ್ಲದ ಹೆಂಗಸನ್ನ ಇಲ್ಲಿಗೆಲ್ಲಾ ಎಳೆಯೋದಾ," ಎಂದು ಅವನು ಗೊಣಗುತ್ತಿರುವಾಗಲೇ ಬಾಗಿಲ ಕಡೆಯಿಂದ ಗಟ್ಟಿ ದನಿ ಕೇಳಿಸಿತು, ಬಸ್ಸಿನ ಹಿಂದಿನ ಬಾಗಿಲಿನವರಿಗೂ ಮುಟ್ಟುವ ದನಿ:

"ಇಲ್ಲಿ ನನ್ನ ಹೆಸರು ಹಿಡಿದು ಕರೆದಿದ್ದು ಯಾರು?"

ಡ್ರೈವರಮ್ಮ. ತಲೆಗೆ ನೀಲಿ ವಸ್ತ್ರ, ಹೆಗಲಿಗೆ ತಮ್ಮದೇ ಬ್ಯಾಗು, ಪಕ್ಕದಲ್ಲಿ ಮಗಳಿಲ್ಲ. ಬಸ್ಸು ಬದಲಾಯಿಸಿಕೊಂಡು ಒಬ್ಬರೇ ಬಂದಿದ್ದರು. ನನಗೆ ಎದ್ದು ಚಪ್ಪಾಳೆ ತಟ್ಟುವ ಹಾಗಾಯಿತು.

ಮಾವ ಓಡಿಹೋಗಿ ಬ್ಯಾಗಿಗೆ ಕೈ ಚಾಚಿದ. ಅವರು ಹೆಗಲು ಆಚೆ ತಿರುಗಿಸಿದರು.

"ನೀವು ಯಾಕೆ ಬರೋಕೆ ಹೋದ್ರಿ? ತಪ್ಪು ನಂದು. ಒಂದು ಸಹಿ ಹಾಕಿ ಕೂತ್ಕೊಳ್ಳಿ, ಮಿಕ್ಕಿದ್ದು ನನ್ನ ತಲೆಗಿರಲಿ."

"ನಿಮ್ಮ ತಲೆಗಿದ್ರೆ ನಂಗೇನು ಬಂತು? ಅದು ಬೇಕಾಗಿರೋದು ನನ್ನ ತಲೆಗೆ ತಾನೇ?"

ಕಬ್ಬಿಣದ ಕುರ್ಚಿಗಳ ಸಾಲು ಪೂರ್ತಿ ನಕ್ಕಿತು. ಅವರು ಅಧಿಕಾರಿಯ ಕಡೆ ತಿರುಗಿ, "ಹೇಳಿ ಸಾರ್, ಎಲ್ಲಿ ಕಟ್ಟಬೇಕು?" ಎಂದರು.

"ಅವರು ಕಟ್ಟಂಗಿಲ್ಲ ಸಾರ್," ಎಂದ ಮಾವ. "ನಾನು ಒಂದು ಬೆಲೆ ಹೇಳಿದೀನಿ. ಹೇಳಿದ ಮೇಲೆ ಮುಗೀತು. ಅದರ ಮೇಲೆ ಬಂದಿದ್ದೆಲ್ಲ ನಂದು."

"ಕಾಗದದ ಮೇಲೆ ಇರೋದು ನನ್ನ ಹೆಸರು."

"ಅದು ನಮ್ಮ ಕಸುಬಿನ ರೂಢಿ. ಅದರರ್ಥ ಅದಲ್ಲ."

"ಅರ್ಥ ಅದೇ ಅಂತ ಸರ್ಕಾರ ಹೇಳ್ತಿದೆ. ನೀವ್ಯಾರು ಅಲ್ಲ ಅನ್ನೋಕೆ?"

ಅಧಿಕಾರಿ ಪೆನ್ನನ್ನು ಮೇಜಿನ ಮೇಲಿಟ್ಟರು. ಮಾವನಿಂದ ಡ್ರೈವರಮ್ಮನಿಗೆ, ಡ್ರೈವರಮ್ಮನಿಂದ ಮಾವನಿಗೆ, ಟೆನಿಸ್ ನೋಡುವವರ ಹಾಗೆ ಅವರ ತಲೆ ಆಡುತ್ತಿತ್ತು. "ಈ ಮೇಜಿನ ಮುಂದೆ ಬರೋರೆಲ್ಲ ನಾನಲ್ಲ, ಅವನು ಅಂತಾರೆ," ಎಂದರು ನಿಧಾನವಾಗಿ. "ನಾನೇ, ಅವರಲ್ಲ ಅಂತ ಕಿತ್ತಾಡೋರನ್ನ ಇವತ್ತೇ ನೋಡ್ತಿರೋದು. ಆದ್ರೆ ಬೇಗ ಕಿತ್ತಾಡಿ ಮುಗಿಸಿ. ಬಾಗಿಲು ಹಾಕಿದ್ರೆ ಇಬ್ಬರಿಗೂ ಇಲ್ಲ, ಬೆಂಕಿಗೆ."

ಗೋಡೆಯ ಮೇಲೆ ಗಡಿಯಾರವಿತ್ತು, ನನಗೆ ಅದರ ಕಡೆ ನೋಡಲು ಧೈರ್ಯವಿರಲಿಲ್ಲ. ಅವರು ಸಹಿ ಹಾಕುವುದಿಲ್ಲ, ಇವನು ಬಿಡುವುದಿಲ್ಲ, ಹಣ ಕಟ್ಟುವ ಕಿಟಕಿಗೆ ಅಡ್ಡಲಾಗಿ ಮಾವ ಬೂದು ಕೋಟಿನ ಗೋಡೆಯಂತೆ ನಿಂತುಬಿಟ್ಟಿದ್ದಾನೆ, ಇಬ್ಬರ ಹಟದ ಮಧ್ಯೆ ಆ ಹಾಲು ಬಿಳಿ ಕಟ್ಟು ಗಾಜಿನಾಚೆ ಬೂದಿಯಾಗಲು ಕಾದು ಕೂತಿದೆ.

ಆಗ ಡ್ರೈವರಮ್ಮ ದನಿ ತಗ್ಗಿಸಿದರು. ಇಡೀ ಕೋಣೆಗೆ ಕೇಳಿಸಿದ್ದು ಆ ತಗ್ಗಿದ ದನಿಯೇ.

"ಅಣ್ಣ, ಕಾಯಿಲೆ ಬಿದ್ದಾಗಿಂದ ನನ್ನ ಬ್ಯಾಗು ಮಗಳ ಹತ್ರ. ಮಾತ್ರೆ ಅಳಿಯನ ಹತ್ರ. ರಜೆ ಅರ್ಜಿ ಡಿಪೋದವರೇ ಬರ್ಕೊಂಡ್ರು, ಮನೆ ಬೀಗದ ಕೈ ಪಕ್ಕದ ಮನೆಯವಳು ಇಟ್ಕೊಂಡ್ಲು. ಎಲ್ಲಾ ಪ್ರೀತಿಯಿಂದಾನೇ, ನಾನು ಇಲ್ಲ ಅನ್ನಲ್ಲ. ಒಂದು ಕಾಲದಲ್ಲಿ ಬಸ್ಸು ತುಂಬ ಜನರ ಜೀವ ನನ್ನ ಕೈಲಿತ್ತು. ಈಗ ಒಂದು ಲೋಟ ನೀರು ಎತ್ತಿದ್ರೂ ಯಾರೋ ಬಂದು ಇಸ್ಕೋತಾರೆ. ಇವತ್ತು ಫೋನಿಗೆ ಮೆಸೇಜ್ ಬಂತು, ಈ ಸರಕಿಗೆ ನೀವೇ ಹೊಣೆ ಅಂತ. ಓದಿ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ದಂಡ ಅಂತ ಬರೆದಿದ್ರೂ ಖುಷಿಯಾಯ್ತು. ಇದೊಂದನ್ನಾದ್ರೂ ನಂಗೆ ಬಿಡಿ."

ಮಾವ ಏನೋ ಹೇಳಲು ಬಾಯಿ ತೆರೆದ. ಯಾವ ಮಾತು ಬರುತ್ತಿತ್ತೆಂದು ನನಗೆ ಗೊತ್ತಿತ್ತು, ಅದು ತುಟಿಯವರೆಗೆ ಬಂದಿತ್ತು. ಅದನ್ನು ಅವನು ನುಂಗಿಕೊಂಡ. ಅವನ ಕೈಗಳಿಗೆ ಮಾತ್ರ ಏನು ಮಾಡಬೇಕೋ ತಿಳಿಯಲಿಲ್ಲ, ಒಮ್ಮೆ ಕೋಟಿನ ಗುಂಡಿಗೆ ಹೋದವು, ಒಮ್ಮೆ ಬೆನ್ನ ಹಿಂದೆ ಹೋದವು, ಕೊನೆಗೆ ಸುಮ್ಮನೆ ಇಳಿಬಿದ್ದವು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವನು ಕಿಟಕಿಗೆ ದಾರಿ ಬಿಟ್ಟ.

"ನಿಮ್ಮದೇ, ತಾಯಿ," ಎಂದ. "ಕಟ್ಟಿ."

ಅವರು ಕಟ್ಟಿದರು. ಸಹಿ ಹಾಕುವಾಗ ಹೆಸರನ್ನು ಇಡಿಯಾಗಿ, ದೊಡ್ಡ ದೊಡ್ಡ ಅಕ್ಷರದಲ್ಲಿ, ಬಸ್ಸಿನ ಮೇಲೆ ಊರಿನ ಹೆಸರು ಬರೆದಂತೆ ಬರೆದರು. ತಪಾಸಣೆಗೆಂದು ಡಬ್ಬ ತೆರೆದಾಗ ಒಳಗಿನ ಬಿಳುಪು ನೋಡಲು ಕಚೇರಿಯವರೆಲ್ಲ ಎದ್ದು ಬಂದರು, "ಇದು ನಿಜವಾಗ್ಲೂ ಕೂದಲಾ?" ಎಂದು ಒಬ್ಬರು ಮುಟ್ಟಿಯೂ ನೋಡಿದರು. ಎಲ್ಲರೂ ಚದುರಿದ ಮೇಲೆ ಅಧಿಕಾರಿ ಮಾವನ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ನಾನೂ ಬಣ್ಣ ಬಿಟ್ಟುಬಿಟ್ರೆ ಹೇಗೆ ಕಾಣಬಹುದು ಅಂತೀರಿ?"

"ಅದು ನಿಮ್ಮ ತಲೆ ಸಾರ್," ಎಂದ ಮಾವ. "ನೀವೇ ಯೋಚನೆ ಮಾಡಿ." ಅವನ ಬಾಯಿಂದ ಇಂಥ ವಾಕ್ಯ ನಾನು ಹಿಂದೆಂದೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಹೇಳಿದ ಮೇಲೆ ಒಂದು ಕ್ಷಣ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ. ಡ್ರೈವರಮ್ಮ ಡಬ್ಬವನ್ನು ಎದೆಗವಚಿಕೊಂಡು ಬಸ್ ನಿಲ್ದಾಣದವರೆಗೆ ತಾವೇ ಹೊತ್ತು ನಡೆದರು. ಅವರ ಪಕ್ಕದಲ್ಲಿ ಮಾವ ಬರಿಗೈಯಲ್ಲಿ ನಡೆದ, ಚಪ್ಪಲಿ ಕಳೆದುಕೊಂಡವನ ಹಾಗೆ.

ಆಮೇಲಿನ ದಿನಗಳಲ್ಲಿ ಅವನ ಕೋಣೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ನಾನೂ ಅತ್ತೆಯೂ ಎಳೆಗಳನ್ನು ಬುಡ ಒಂದು ಕಡೆ, ತುದಿ ಒಂದು ಕಡೆ ಬರುವಂತೆ ಜೋಡಿಸಿ ಕೊಡುತ್ತಿದ್ದೆವು, ಉಲ್ಟಾ ಆದರೆ ಗಂಟಾಗುತ್ತದೆಂದು ಅತ್ತೆ ನನಗೆ ಗದರುತ್ತಿದ್ದಳು, ಮಾವ ಕೊಕ್ಕೆಸೂಜಿ ಹಿಡಿದು ಬಲೆಯ ಒಂದೊಂದು ಕಣ್ಣಿಗೂ ಒಂದೆರಡು ಎಳೆ ಗಂಟು ಹಾಕುತ್ತಿದ್ದ, ಹಣೆಯ ಗಡಿಗೆ ಬಂದಾಗಲಂತೂ ಉಸಿರು ಬಿಗಿಹಿಡಿದು, ಡ್ರೈವರಮ್ಮನ ಹಳೆಯ ಫೋಟೋದಲ್ಲಿ ಎಡಗಿವಿಯ ಮೇಲಿದ್ದ ಒಂದು ಪುಟ್ಟ ಸುಳಿಯನ್ನೂ ಬಿಡದೆ ಹಾಕಿದ.

ಅವರು ಡ್ಯೂಟಿಗೆ ಬಂದ ಬೆಳಗ್ಗೆ ನಾನೂ ಮಾವನೂ ಮೊದಲ ನಿಲ್ದಾಣದಲ್ಲೇ ಹತ್ತಿ ಮಧ್ಯದ ಸೀಟಿನಲ್ಲಿ ಕೂತೆವು. ಸೀಟಿನ ಬೆನ್ನ ಮೇಲೆ ಜಡೆ ಇಳಿಬಿದ್ದಿತ್ತು. ನಿಲ್ದಾಣಗಳು ಒಂದೊಂದಾಗಿ ಬಂದವು, ಜನ ಹತ್ತಿದರು, ನನಗೆ ಒಬ್ಬೊಬ್ಬರ ಬಾಯಿ ನೋಡಿಯೂ ಭಯ, ಇವರು ಏನನ್ನುತ್ತಾರೋ, ಇವರು ಏನನ್ನುತ್ತಾರೋ. ಮಾರ್ಕೆಟ್ಟಿನ ಹತ್ತಿರ ಹತ್ತಿದ ಒಬ್ಬ ಮುದುಕರು ಡ್ರೈವರಮ್ಮನ ಪಕ್ಕದಲ್ಲೇ ನಿಂತು ದಿಟ್ಟಿಸಿ ನೋಡಿದರು, ಮಾವ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

"ಎಲ್ಲಿ ಹಾಳಾಗಿ ಹೋಗಿದ್ದೆ ಅಮ್ಮ, ಇಷ್ಟು ದಿನ?" ಎಂದರು ಮುದುಕರು. "ನಿನ್ನ ಜಾಗಕ್ಕೆ ಬಂದವನು ದಿನಾ ನಿಲ್ದಾಣ ದಾಟಿಸಿ ನಿಲ್ಲಿಸ್ತಿದ್ದ. ಓಡಿ ಓಡಿ ನನ್ನ ಮಂಡಿ ಸವೆದು ಹೋಯ್ತು. ನೀನೂ ನಿಲ್ದಾಣದಲ್ಲಿ ಸರಿಯಾಗಿ ನಿಲ್ಲಿಸು, ಇಲ್ಲಾಂದ್ರೆ ಡಿಪೋಗೆ ಬರೆದು ಹಾಕ್ತೀನಿ."

"ಬರೆದು ಹಾಕಿ ತಾತ," ಎಂದರು ಡ್ರೈವರಮ್ಮ. "ಹೆಸರು ಸರಿಯಾಗಿ ಬರೀರಿ, ಅಷ್ಟೇ." ಗೇರು ಬಿತ್ತು, ಬಸ್ಸು ಹೊರಟಿತು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು, ಅಷ್ಟು ಚೆನ್ನಾಗಿ ಬೈಸಿಕೊಂಡವರ ಮುಖ ನಾನು ನೋಡಿಯೇ ಇಲ್ಲ.

ಹೊರುವವರದೇ ಒಂದು ಪಂಗಡ ಇರುತ್ತದೆ, ಯಾವ ಬೀದಿಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ಎದುರಿನವರ ಕೈಯಲ್ಲಿ ಒಂದು ಕಡ್ಡಿ ಕಂಡರೂ ಅವರಿಗೆ ತಡೆಯಲಾಗುವುದಿಲ್ಲ, ಕೊಡಿ ಇಲ್ಲಿ ಎಂದು ಇಸಿದುಕೊಳ್ಳುತ್ತಾರೆ, ಅವರ ಪುಣ್ಯದಿಂದಲೇ ನಮ್ಮಂಥ ಸೋಮಾರಿಗಳ ಸಂಸಾರ ಸಾಗುತ್ತದೆ. ಹಾಗೆ ಇಸಿದುಕೊಳ್ಳುವಾಗ ಕಡ್ಡಿಯ ಜೊತೆ ಇನ್ನೇನು ಹೋಯಿತು ಎಂದು ಅವರೂ ಕೇಳುವುದಿಲ್ಲ, ಸಂಕೋಚಕ್ಕೆ ನಾವೂ ಹೇಳುವುದಿಲ್ಲ. ಮನುಷ್ಯರಿಗೆ ಊರುಗೋಲು ಎಷ್ಟು ಬೇಕೋ ಒಂದಿಷ್ಟು ಭಾರವೂ ಅಷ್ಟೇ ಬೇಕು. ಹೆಸರಿಟ್ಟು ಕರೆದು, ಇದಕ್ಕೆ ನೀನೇ ಹೊಣೆ ಎಂದು ಯಾರಾದರೂ ಕೈಗಿಟ್ಟ ಒಂದು ಭಾರ. ಹೊರುವವರು ಭಾರ ಹೊತ್ತಾಗ ನಾವು ಅವರಿಗೆ ಋಣಿಗಳಾಗುತ್ತೇವೆ. ಚಾಚಿದ ಕೈಯನ್ನು ಅವರು ಕಷ್ಟಪಟ್ಟು ಹಿಂದಕ್ಕೆಳೆದುಕೊಂಡಾಗ ನಾವು ದೊಡ್ಡವರಾಗುತ್ತೇವೆ.